ಹನ್ನೊಂದು ಕಿಲೋಮೀಟರು ಕೊಸರು

ಬೆಳಗಾವಿಯಿಂದ ಕಲಬುರಗಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದವರಿಗೆಲ್ಲ ನಾನು ಇಪ್ಪತ್ತೊಂಬತ್ತು ವರ್ಷ ಸುಳ್ಳು ಹೇಳಿದ್ದೇನೆ. ಸುಳ್ಳು ಎಂದು ಈಗ ಅನ್ನುತ್ತಿದ್ದೇನೆ, ಆಗ ಅದರ ಹೆಸರು ವೇಳಾಪಟ್ಟಿ.

ಎರಡು ನಿಲ್ದಾಣಗಳ ನಡುವೆ ನೆಟ್ಟಗೆ ಗೆರೆ ಎಳೆದರೆ ಹೆಚ್ಚು ಕಡಿಮೆ ಮುನ್ನೂರು ಕಿಲೋಮೀಟರು. ನಮ್ಮ ಸಣ್ಣ ವಿಮಾನ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವುದಕ್ಕೆ ನಲವತ್ತಾರು ನಿಮಿಷ ಸಾಕು. ಕಾಗದದ ಮೇಲೆ ನಾವು ಬರೆಯುತ್ತಿದ್ದುದು ಐವತ್ತೈದು. ಹೆಚ್ಚಿನ ಒಂಬತ್ತು ನಿಮಿಷಕ್ಕೆ ಆಫೀಸಿನಲ್ಲಿ ಎಲ್ಲರೂ ಕೊಸರು ಅನ್ನುತ್ತಿದ್ದೆವು. ಸಂತೆಯಲ್ಲಿ ಬದನೆಕಾಯಿ ತೂಗಿ ಕೊಟ್ಟ ಮೇಲೆ ಮತ್ತೆರಡು ಕಾಯಿ ಕೈಚೀಲಕ್ಕೆ ಹಾಕುತ್ತಾರಲ್ಲ, ಹಾಗೆ. ಕೊಸರು ಇದ್ದರೆ ತಡವಾಗಿ ಹೊರಟ ವಿಮಾನವೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಹೊತ್ತಿಗೆ ಸರಿಯಾಗಿ ಹೊರಟದ್ದು ಮೊದಲೇ ಮುಟ್ಟಿ ಪ್ರಯಾಣಿಕರು ಖುಷಿಯಾಗುತ್ತಾರೆ. ಪೈಲಟ್ಟುಗಳಿಗೂ ಇದು ಗೊತ್ತಿತ್ತು. ಅವರೂ ತಮ್ಮ ಕಾಗದವನ್ನು ನಮ್ಮ ಕಾಗದಕ್ಕೆ ಹೊಂದಿಸಿಯೇ ಬರೆಯುತ್ತಿದ್ದರು. ಸಮಯಪಾಲನೆಗೆಂದು ನಮ್ಮ ವಿಭಾಗಕ್ಕೆ ಆರು ಸಲ ಫಲಕ ಬಂತು. ಆರರಲ್ಲೂ ನನ್ನ ಹೆಸರು ಇತ್ತು: ಮುರಿಗೆಪ್ಪ ಕಡಕೋಳ, ವೇಳಾಪಟ್ಟಿ ಅಧಿಕಾರಿ.

ಮನೆಯಲ್ಲಿ ಹೆಂಡತಿ ಶಕುಂತಲಾ ಇದನ್ನೇ ಹಿಡಿದು ಚಾಷ್ಟಿ ಮಾಡುತ್ತಿದ್ದಳು. “ಇವರು ಅರ್ಧ ತಾಸು ಅಂದ್ರ ಇಪ್ಪತ್ತು ನಿಮಿಷ ಅಂತ ತಿಳಕೊಂಡು ಒಲಿ ಹಚ್ಚಬೇಕು ನೋಡ್ರಿ” ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ನನ್ನ ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದಾಗ, ವಿಮಾನದ ಹಾದಿಯನ್ನೇ ಮಡಚುವ ನಿರಿಗೆ ಮಾರ್ಗ ಬಂತು. ಅದರ ಯಂತ್ರ ಕಟ್ಟಿದವರು ಡಾ. ವಸುಂಧರಾ ಪಡಸಲಗಿ, ವಿಜಯಪುರದ ಕಡೆಯವರು. ನಿಲ್ದಾಣದ ಬೇಲಿಯಾಚೆ ಒಂದು ಉದ್ದನೆಯ ತಗಡಿನ ಕಟ್ಟಡದಲ್ಲಿ ಅವರ ಕೇಂದ್ರ. ಮೊದಲ ದಿನ ನಮ್ಮನ್ನೆಲ್ಲ ಕರೆದು ಕೂರಿಸಿ, ಬೋರ್ಡಿನ ಮೇಲೆ ಏನೂ ಬರೆಯದೆ, ತಮ್ಮ ಸೆರಗನ್ನೇ ಕೈಯಲ್ಲಿ ಹಿಡಿದು ತೋರಿಸಿದರು.

“ದೂರ ಅನ್ನೂದನ್ನ ಕಡಿಮಿ ಮಾಡ್ಲಿಕ್ಕೆ ಬರೂದಿಲ್ಲ. ನಿರಿಗಿ ಹಿಡೀಲಿಕ್ಕೆ ಬರ್ತದ, ಅಷ್ಟ. ನಿರಿಗಿ ಹಿಡದ್ರ ಈ ತುದಿ ಆ ತುದಿ ಹತ್ರ ಬರ್ತಾವ, ಖರೇ. ಆದ್ರ ಆರು ಗಜದ ಸೀರಿ ಆರು ಗಜನ ಇರ್ತದ. ಹಿಡದ ನಿರಿಗಿ ಎಲ್ಲೆರ ಸಿಗಿಸಬೇಕಲ್ಲ?”

ಆಕಾಶದಿಂದ ಎತ್ತಿದ ದೂರವನ್ನು ಸಿಗಿಸಲು ಕೃಷ್ಣೆಯ ಹಿನ್ನೀರನ್ನು ಆರಿಸಿದ್ದರು. ಹಾದಿಯ ಸರಿ ನಡುವೆ ಬರುತ್ತದೆ, ನೀರಿನ ಮೇಲೆ ಯಾರೂ ಮನೆ ಕಟ್ಟಿಲ್ಲ. ಮೀನುಗಾರರಿಗೆ ಬೇರೆ ಕಡೆ ನೀರು ಕೊಟ್ಟು, ದೋಣಿ ಬಿಡಬಾರದೆಂದು ಬೋರ್ಡು ಹಾಕಿದ್ದರು. ಒಂದಿಷ್ಟು ಹೆಚ್ಚು ಕಡಿಮೆಯಾದರೂ ಇರಲಿ ಎಂದು ಇಪ್ಪತ್ತೆಂಟು ಕಿಲೋಮೀಟರಿನಷ್ಟು ಜಾಗ ಮಿಗಿಸಿ ಇಟ್ಟಿದ್ದರು.

“ಬೆಳಕಿಗೆ ನಿರಿಗಿ ತಾಕೂದಿಲ್ಲ” ಎಂದರು ಪಡಸಲಗಿ ಮೇಡಂ. “ತೂಕ ಇದ್ದದ್ದಕ್ಕ ಮಾತ್ರ ತಾಕ್ತದ. ದಂಡಿ ಮ್ಯಾಲ ನಿಂತು ನೋಡಿದವರಿಗೆ ಹಿನ್ನೀರು ಮೊದಲಿನಷ್ಟ ಕಾಣ್ತದ. ಯಂತ್ರ ಹಿಡದು ಅಳದ್ರೂ ಅಷ್ಟ ಬರ್ತದ. ದೋಣ್ಯಾಗ ಕೂತವರಿಗೆ ಮಾತ್ರ ಗೊತ್ತಾಗ್ತದ.”

“ಒದರಿದ್ರ ಕೇಳಸ್ತದೇನ್ರಿ ಆಚೀ ದಂಡಿಗೆ?” ಎಂದು ಕೇಳಿದವನು ನಾನೇ.

“ಗಾಳಿಗೂ ತೂಕ ಅದ ಅಲ್ರಿ? ಒದರಿದ್ದೂ ಅಷ್ಟು ದೂರ ನಡದ ಹೋಗಬೇಕು. ಕೇಳ್ಸೂದಿಲ್ಲ.”

ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು. ಸಿಗಿಸಿದ ನಿರಿಗೆ ನಲವತ್ತು ದಿನ ಹಸಿ ಇರುತ್ತದೆ. ಅಷ್ಟರೊಳಗೆ ತಪ್ಪು ಕಂಡರೆ ಬಿಚ್ಚಿ ಮತ್ತೆ ಹಿಡಿಯಬಹುದು. ನಲವತ್ತು ಕಳೆಯಿತೆಂದರೆ ಗಾರೆಯ ಹಾಗೆ ಗಟ್ಟಿ, ಯಾರ ಕೈಯಲ್ಲೂ ಬಿಚ್ಚಲಾಗದು.

ಯಂತ್ರಕ್ಕೆ ಕಿಲೋಮೀಟರಿನ ಭಾಷೆ ತಿಳಿಯುವುದಿಲ್ಲ, ಹೊತ್ತಿನ ಭಾಷೆ ತಿಳಿಯುತ್ತದೆ. ವಿಮಾನ ಗಾಳಿಯಲ್ಲಿ ಕಳೆಯುವ ಹೊತ್ತನ್ನು ಕೊಟ್ಟರೆ ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ದೂರ ಎತ್ತುತ್ತದೆ. ಉಳಿದ ಒಂದು ಪಾಲು, ಅಂದರೆ ನಲವತ್ತಾರಕ್ಕೆ ಸುಮಾರು ಹದಿನೈದು ನಿಮಿಷ, ಹಾರಬೇಕು. ಅದಕ್ಕೆ ಬೇಕಾದ ಅಂಕಿಯನ್ನು ನನ್ನಿಂದ ಕೇಳಿದ್ದರು. ಕಾಗದದಲ್ಲಿ ಒಂದೇ ಸಾಲು, ನೆಲ ಬಿಟ್ಟು ನೆಲ ಮುಟ್ಟುವ ನಿಜವಾದ ಹೊತ್ತು ಎಷ್ಟು ನಿಮಿಷ. ನಿಜವಾದ ಎಂಬುದರ ಕೆಳಗೆ ಮೇಡಂ ಕೈಯಾರೆ ಗೆರೆ ಎಳೆದಿದ್ದರು.

ಆ ಕಾಗದ ನನ್ನ ಮೇಜಿಗೆ ಬಂದಾಗ ಬೆಳಗಿನ ಚಹಾದ ಹೊತ್ತು. ಕೈ ತಾನಾಗಿಯೇ ಐವತ್ತೈದು ಎಂದು ಬರೆಯಿತು. ಬರೀ ಅಭ್ಯಾಸಬಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಬರೆದ ಮೇಲೆ ಪೆನ್ನು ಒಮ್ಮೆ ನಿಂತಿತ್ತು. ನಲವತ್ತಾರು ಎಂದು ಬರೆದು ಸಹಿ ಮಾಡಿದರೆ ಇಪ್ಪತ್ತೊಂಬತ್ತು ವರ್ಷದ ಕಾಗದಗಳು, ಆರು ಫಲಕಗಳು ಏನಾಗಬೇಕು ಎಂದು ಯೋಚಿಸಿದೆ. ಯೋಚನೆ ಮುಗಿಯುವ ಮೊದಲೇ ಸಹಿ ಹಾಕಿ ಕಳಿಸಿದೆ, ಚಹಾ ಇನ್ನೂ ಬಿಸಿ ಇತ್ತು.

ಈಗ ಅಕ್ಕನ ವಿಷಯ ಹೇಳಬೇಕು. ಹಿನ್ನೀರಿನ ದಂಡೆಯ ಮೇಲೆ ಎರಡು ವಸ್ತಿಗಳಿವೆ. ಮೇಲಿನ ವಸ್ತಿಯಲ್ಲಿ ನಮ್ಮಕ್ಕ ದ್ಯಾಮವ್ವನ ಮನೆ, ಕೆಳಗಿನ ವಸ್ತಿಯಲ್ಲಿ ಅವಳ ಒಬ್ಬಳೇ ಮಗಳು ಕಸ್ತೂರಿಯ ಗಂಡನ ಮನೆ. ನಡುವೆ ಮುನ್ನೂರು ಮೀಟರಿನ ಕಲ್ಲು ಬೀಳು. ಅಕ್ಕ ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋದವು. ಕಸ್ತೂರಿಗೆ ಪುಣೆಯ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು, ಅಕ್ಕ ಒಪ್ಪಲಿಲ್ಲ. “ನನಗ ಮಗಳು ಕಾಣೂದಂತೂ ಇಲ್ಲ, ಕೇಳೂದರ ಕೇಳ್ಲಿ. ಕೂಗಳತಿಯಾಗ ಕೊಡ್ತೀನಿ” ಎಂದು ಪರಸಪ್ಪನಿಗೆ ಕೊಟ್ಟಳು.

ಅಕ್ಕನ ಕಸುಬು ಪುಂಡಿ ನಾರಿನ ಹಗ್ಗ ಹೊಸೆಯುವುದು. ಆ ಸೀಮೆಯಲ್ಲಿ ಬಾವಿಗಿಳಿಯುವವರು ದ್ಯಾಮವ್ವನ ಹಗ್ಗವೇ ಬೇಕು ಅನ್ನುತ್ತಿದ್ದರು. ಹಗ್ಗಕ್ಕೆ ಎರಡು ತುದಿಗೆ ಇಬ್ಬರು ಬೇಕು. ಹಾಗಾಗಿ ಮಗಳ ಮದುವೆಯಾದ ವರ್ಷ ತಾಯಿ ಮಗಳು ಕೂಡಿ ಮುನ್ನೂರು ಮೀಟರು ಹಗ್ಗ ಹೊಸೆದು ಈ ಮನೆಯ ಬೇಲಿಯಿಂದ ಆ ಮನೆಯ ಬೇವಿನ ಗಿಡದವರೆಗೆ ಗೂಟ ನೆಟ್ಟು ಕಟ್ಟಿದರು. ಅಕ್ಕ ದಿನಾ ಅದನ್ನು ಹಿಡಿದುಕೊಂಡು ಯಾರ ಹಂಗೂ ಇಲ್ಲದೆ ಹೋಗುತ್ತಿದ್ದಳು, ಬೇವಿನ ಕೆಳಗೆ ಮಗಳೊಂದಿಗೆ ಹಗ್ಗ ಹೊಸೆಯುತ್ತಿದ್ದಳು, ಊಟದ ಹೊತ್ತಿಗೆ ಮನೆಗೆ ತಿರುಗುತ್ತಿದ್ದಳು. ಸಂಜೆ ಬೇಲಿಗೆ ಬಂದು “ಕಸ್ತೂರೀ” ಎಂದು ಒಂದು ಕೂಗು, ಅಲ್ಲಿಂದ “ಯವ್ವಾ” ಎಂದು ಒಂದು ಕೂಗು. ಅಷ್ಟಾದರೆ ಅವಳಿಗೆ ದಿನ ಮುಗಿದ ಹಾಗೆ.

ನಮ್ಮವ್ವ ಸತ್ತಾಗ ನಾನು ಎರಡು ವರ್ಷದವನು. ಹನ್ನೆರಡು ವರ್ಷದ ಅಕ್ಕನೇ ನನ್ನನ್ನು ಸಾಕಿದಳು, ಹಗ್ಗ ಮಾರಿ ಓದಿಸಿದಳು. ನನ್ನಿಂದ ಅವಳು ಕೇಳಿದ್ದು ಒಂದೇ. “ಮುರಗ್ಯಾ, ನೋಡಿ ಹೇಳು.” ಮುಗಿಲು ಕಪ್ಪಾಗಿದೆಯೋ, ಎದುರಿಗೆ ಬಂದವರು ಯಾರು, ಸೀರೆಯ ಬಣ್ಣ ಯಾವುದು. ನಾನು ಹೇಳಿದ್ದನ್ನು ಅವಳು ಇನ್ನೊಬ್ಬರ ಹತ್ತಿರ ತಿರುಗಿ ಕೇಳಿದವಳಲ್ಲ.

ಮಾರ್ಗ ಉದ್ಘಾಟನೆಯ ದಿನ ನಾನು ಕೇಂದ್ರದ ನಿಯಂತ್ರಣ ಕೋಣೆಯಲ್ಲಿದ್ದೆ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಿರಿಗೆ ಹಿಡಿದರು. ಸದ್ದು ಗದ್ದಲ ಏನೂ ಆಗಲಿಲ್ಲ, ಮೇಜಿನ ಮೇಲಿದ್ದ ನೀರಿನ ಲೋಟ ಸ್ವಲ್ಪ ನಡುಗಿತು. ವಿಮಾನ ಹೊರಟಿತು. ನಾನು ಕೊಟ್ಟ ಐವತ್ತೈದರ ಲೆಕ್ಕದಲ್ಲಿ ಹದಿನೆಂಟು ನಿಮಿಷ ಕಾಯಬೇಕೆಂದು ಎಲ್ಲರೂ ಕುರ್ಚಿಗೆ ಒರಗಿದ್ದಾಗ, ಒಂಬತ್ತನೇ ನಿಮಿಷಕ್ಕೇ ಕಲಬುರಗಿಯಿಂದ ಸುದ್ದಿ ಬಂತು, ಇಳಿಯಿತು ಎಂದು. ಕೋಣೆಯಲ್ಲಿ ಚಪ್ಪಾಳೆ ಎದ್ದಿತು, ಯಾರೋ ಪೇಢೆ ಹಂಚಿದರು.

ಪಡಸಲಗಿ ಮೇಡಂ ಮಾತ್ರ ಪೇಢೆ ಕೈಯಲ್ಲೇ ಹಿಡಿದು ನನ್ನ ಹತ್ತಿರ ಬಂದರು. “ಹದಿನೆಂಟು ನಿಮಿಷ ಆಗಬೇಕಿತ್ತು, ಒಂಬತ್ತಕ್ಕ ಹ್ಯಾಂಗ ಮುಟ್ಟಿತು ಕಡಕೋಳ ಅವರ? ನೀವು ಬರದ ಕೊಟ್ಟದ್ದು ಐವತ್ತೈದು ಖಾತ್ರಿ ಅಲ್ಲ?”

“ಖಾತ್ರಿ ರೀ” ಎಂದೆ. “ಇವತ್ತು ಗಾಳಿ ಅನುಕೂಲ ಇತ್ತು.”

ಅವರು ನನ್ನ ನರೆತ ತಲೆಯನ್ನು ನೋಡಿ ನಂಬಿದರು. ನಾನು ಪೇಢೆಯನ್ನು ಮೇಜಿನ ಮೇಲಿಟ್ಟು ಲೆಕ್ಕ ಹಾಕಿದೆ. ಐವತ್ತೈದನ್ನು ನಂಬಿದ ಯಂತ್ರ ಆರು ನಿಮಿಷದ ದೂರ ಹೆಚ್ಚು ಎತ್ತಿತ್ತು, ಅಂದರೆ ಮೂವತ್ತೊಂಬತ್ತು ಕಿಲೋಮೀಟರು. ಮಿಗಿಸಿ ಇಟ್ಟ ಜಾಗ ಇಪ್ಪತ್ತೆಂಟು. ಉಳಿದ ಹನ್ನೊಂದು ನೀರಿನ ಮೇಲೆ ಹಿಡಿಸಲಾರದೆ ಎಲ್ಲೋ ದಂಡೆಗೆ ಚೆಲ್ಲಿರಬೇಕು. ದಂಡೆ ಉದ್ದಕ್ಕೂ ಇದೆ, ಎಲ್ಲಾದರೂ ಮುಳ್ಳುಕಂಟಿಯಲ್ಲಿ ಬಿದ್ದಿರಲಿ ದೇವರೇ ಎಂದು ಬೇಡಿಕೊಂಡೆ.

ಹನ್ನೆರಡೂ ಕಾಲಿಗೆ ಕಸ್ತೂರಿಯ ಫೋನು ಬಂತು.

“ಮಾಮಾ, ಹಗ್ಗ ಹರದೈತಿ. ಅವ್ವ ಮನಿ ಬಿಟ್ಟು ಒಂದೂವರಿ ತಾಸಾತು. ನನ್ನ ಕಣ್ಣ ಮುಂದನ ನಡಕೋತ ಬರಾಕತ್ತಾಳ. ಬರಾಕತ್ತಾಳ, ಆದ್ರ ಮುಟ್ಟವಲ್ಲಳು.”

“ಹಂಗಂದ್ರ?”

“ನನಗೂ ತಿಳೀವಲ್ದು. ಬೇವಿನ ಗಿಡದ ಕೆಳಗ ನಿಂತೀನಿ. ಅಕಿ ಸೀರಿ ಅಂಚು ಸುದ್ದಾ ಕಾಣತೈತಿ. ಒದರಿ ಒದರಿ ಗಂಟಲಾ ಬಿತ್ತು, ಅಕಿಗೆ ಕೇಳವಲ್ದು. ಇವರು ಗಾಡಿ ತಗೊಂಡು ಹೋಗ್ಯಾರ. ಅವರೂ ಹೊಂಟಾರ, ಹೊಂಟಾರ, ಇನ್ನೂ ಮುಟ್ಟಿಲ್ಲ.”

ನಾನು ಕಾರು ಹತ್ತಿದೆ. ಐದು ತಾಸಿನ ದಾರಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸುತ್ತ ಹೋದೆ. ನಿಜ ಹೇಳಬೇಕೆಂದೇ ಹೊರಟಿದ್ದೆ, ಆಣೆ ಮಾಡಿ ಹೇಳುತ್ತೇನೆ.

ನಾನು ಮೇಲಿನ ವಸ್ತಿ ಮುಟ್ಟಿದಾಗ ಅಕ್ಕನ ಮನೆಯ ಅಂಗಳದಲ್ಲಿ ಜನ ಕೂಡಿತ್ತು. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಹಗ್ಗ ಹರಿಯುವಾಗ ಅವಳು ಅದನ್ನು ಹಿಡಿದೇ ಇದ್ದಳಂತೆ, ಬಲ ಅಂಗೈ ಚರ್ಮ ಕಿತ್ತು ಅರಿಶಿನ ಮೆತ್ತಿದ್ದರು. ಗೂಟ ಕೈಗೆ ಸಿಗದೆ, ಮುಖದ ಮೇಲಿನ ಬಿಸಿಲಿನ ಅಂದಾಜಿನಲ್ಲಿ ನಡೆದೇ ನಡೆದಿದ್ದಾಳೆ. ಅಳಿಯ ಪರಸಪ್ಪ ಅವಳನ್ನು ಬೀಳಿನ ನಡುವೆ ಹುಡುಕಿ ಕೂರಿಸಿಕೊಂಡು ಬಂದಿದ್ದ. ಅವನ ಗಾಡಿಯ ಮೀಟರಿನಲ್ಲಿ ವಸ್ತಿಯಿಂದ ವಸ್ತಿಗೆ ಹನ್ನೊಂದು ಕಿಲೋಮೀಟರು ಓಡಿತ್ತು. ತಲೆ ಎತ್ತಿ ನೋಡಿದೆ. ಕಸ್ತೂರಿ ಆಚೆ ಬೇವಿನ ಕೆಳಗೆ ನಿಂತು ಕೈಬೀಸುತ್ತಿದ್ದಳು. ಅವಳ ಮನೆಯ ಒಲೆಯ ಹೊಗೆಯೂ ಕಾಣುತ್ತಿತ್ತು.

ವಸ್ತಿಯ ಶಾಲೆಯ ಬಡಿಗೇರ ಮಾಸ್ತರರು ಹರಿದ ಹಗ್ಗದ ತುದಿ ಹಿಡಿದು ನಿಂತಿದ್ದರು. “ಹತ್ತು ನಲವತ್ತಕ್ಕ ಸರಿಯಾಗಿ ಹರದೈತ್ರಿ. ಮಕ್ಕಳಿಗೆ ವಿಮಾನ ತೋರಸಾಕ ಹೊರಗ ನಿಂತಿದ್ದೆ, ಕಣ್ಣಾರೆ ನೋಡೀನಿ. ಎರಡೂ ಕಡೆ ಜಗ್ಗಿ ಹರದಂಗ ಹರೀತು. ಈ ಹಗ್ಗನ ಸಾಕ್ಷಿ. ಇದನ್ನ ಅರ್ಜಿ ಕೂಡ ತಹಶೀಲ್ದಾರರಿಗೆ ಕೊಡೂಣು. ಸಾಹೇಬ್ರು ನೀವು ಅದೇ ಆಫೀಸಿನವರು, ನೀವ ಒಂದು ಮಾತು ಹೇಳ್ರಿ.”

ಎಲ್ಲರೂ ನನ್ನ ಮುಖ ನೋಡಿದರು. ಹಗ್ಗ ತಹಶೀಲ್ದಾರರ ಕೈ ಸೇರಿದರೆ ವಿಚಾರಣೆ, ವಿಚಾರಣೆಯಾದರೆ ನನ್ನ ಸಹಿ ಇರುವ ಆ ಕಾಗದ. ನಾನು ಬಾಯಿ ತೆರೆಯುವ ಮೊದಲು ಅಕ್ಕ ಕೈ ಚಾಚಿ ಹಗ್ಗದ ತುದಿ ಇಸಿದುಕೊಂಡಳು. ಗಾಯದ ಕೈಯಿಂದಲೇ ಎಳೆ ಎಳೆ ಬಿಡಿಸಿ ಮುಟ್ಟಿದಳು.

“ಮುರಗ್ಯಾ, ಇದು ಕೊಳೆತದ್ದಲ್ಲ. ಎಳಿ ಎಲ್ಲಾ ಉದ್ದುದ್ದ ಹಿಂಜ್ಯಾವ. ಯಾರೋ ಜಗ್ಗ್ಯಾರ ಇದನ್ನ. ನೋಡಿ ಹೇಳು.”

ನಾನು ಹಗ್ಗ ತೆಗೆದುಕೊಂಡು ನೋಡಿದೆ. ನಾರು ಬಂಗಾರದ ಬಣ್ಣಕ್ಕೆ ಹೊಳೆಯುತ್ತಿತ್ತು.

“ಇಲ್ಲಕ್ಕಾ” ಎಂದೆ. “ಒಳಗ ಕಪ್ಪಗಾಗೈತಿ. ನೀರು ಕುಡದು ಕೊಳೆತೈತಿ. ಕೈಗೆ ಗೊತ್ತಾಗೂದಿಲ್ಲ ಇದು, ಕಣ್ಣಿಗೆ ಕಾಣತೈತಿ.”

ಮಾಸ್ತರರು ಹಗ್ಗ ನೋಡಿದರು, ನನ್ನನ್ನು ನೋಡಿದರು. ಕಾರಿನಲ್ಲಿ ಬಂದ ಸಾಹೇಬನ ಮಾತು, ಅದೂ ಒಡಹುಟ್ಟಿದ ತಮ್ಮನ ಮಾತು, ಎದುರಾಡುವುದು ಹೇಗೆ ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ಸ್ವಲ್ಪ ಹೊತ್ತು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಕೂತಳು.

“ನಿನ್ನ ಕಣ್ಣಿಗೆ ಕಂಡಮ್ಯಾಲ ಆತು ಬಿಡು” ಎಂದಳು.

ಹಗ್ಗವನ್ನು ಸುತ್ತಿ ನನ್ನ ಕಾರಿನೊಳಗೆ ಹಾಕಿಕೊಂಡು ಬಂದೆ.

ಹಗ್ಗವಿಲ್ಲದೆಯೇ ಅರ್ಜಿ ಹೋಯಿತು. ಹನ್ನೆರಡನೇ ದಿನ ಅಳತೆಯವರು ಬಂದರು. ಮೇಲಿನ ವಸ್ತಿಯಲ್ಲಿ ಯಂತ್ರ ನಿಲ್ಲಿಸಿ ಬೆಳಕು ಬಿಟ್ಟು ಅಳೆದರು, ಮುನ್ನೂರಾ ಎಂಟು ಮೀಟರು ಬಂತು. ಹಳೆಯ ನಕಾಶೆಯಲ್ಲೂ ಮುನ್ನೂರಾ ಎಂಟು. ಜನ ಒಂದು ಸಲ ನಡೆದು ನೋಡ್ರಿ ಎಂದು ಕೈಮುಗಿದರು. ಅಳತೆ ಮಾಡುವುದು ಯಂತ್ರ, ಕಾಲಲ್ಲ ಎಂದು ಹೇಳಿ ಚಹಾ ಕುಡಿದು ಹೋದರು. ಹಗ್ಗ ಇದ್ದಿದ್ದರೆ ಅವರು ಏನನ್ನುತ್ತಿದ್ದರೋ ನನಗೆ ಗೊತ್ತಿಲ್ಲ.

ಶಕುಂತಲಾಗೆ ಮೊದಲ ವಾರವೇ ಎಲ್ಲ ಹೇಳಿದ್ದೆ. ಅವಳು ಬೈಯಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕ್ಯಾಲೆಂಡರಿನ ಹತ್ತಿರ ಹೋಗಿ ನಲವತ್ತನೇ ದಿನಕ್ಕೆ ಹಿಟ್ಟಿನ ಬೆರಳಿಂದ ಗುರುತು ಮಾಡಿದಳು.

“ನಾಳೆ ಹೋಗಿ ಹೇಳ್ರಿ. ಏನಾಗತೈತಿ? ನಾಲ್ಕು ಮಂದಿ ನಕ್ಕಾರು, ಫಲಕ ಕಸಗೊಂಡಾರು. ಫಲಕ ತಿಂದು ಯಾರ ಬದುಕ್ಯಾರ?”

“ಹೇಳ್ತೀನಿ” ಎಂದೆ. ಮಾರನೇ ದಿನ ಮೇಡಂ ಕಲಬುರಗಿಗೆ ಹೋಗಿದ್ದರು. ಅದರ ಮಾರನೇ ದಿನ ಕಚೇರಿಗೆ ಮೇಲಿನವರು ಬಂದಿದ್ದರು. ಆಮೇಲೆ ಭಾನುವಾರ ಬಂತು. ಹೇಳದಿರಲು ಕಾರಣಗಳಿಗೆ ಬರವಿರಲಿಲ್ಲ. ಹಿನ್ನೀರು ಇಳಿದರೆ ತಾನೇ ಸರಿಹೋದೀತು, ಅಕ್ಕ ಮಗಳ ಮನೆಯಲ್ಲೇ ಹೋಗಿ ಇದ್ದಾಳು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಮಗಳ ಅತ್ತೆಮನೆಯಲ್ಲಿ ತಾಯಿ ಹೋಗಿ ಕೂಡುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಕಸ್ತೂರಿಯ ಅತ್ತೆ ಹಾಸಿಗೆ ಹಿಡಿದಿದ್ದಳು, ಆಕೆಯನ್ನು ಬಿಟ್ಟು ಕಸ್ತೂರಿ ದಿನಾ ಹನ್ನೊಂದು ಕಿಲೋಮೀಟರು ಬರುವಂತಿರಲಿಲ್ಲ. ಎಂಟು ದಿನಕ್ಕೊಮ್ಮೆ ಪರಸಪ್ಪ ಗಾಡಿಯ ಮೇಲೆ ಕರೆತರುತ್ತಿದ್ದ.

ಫೋನಿದೆಯಲ್ಲ ಎಂದು ಒಮ್ಮೆ ಅಕ್ಕನಿಗೆ ಹೇಳಿದೆ.

“ಫೋನಿನ್ಯಾಗ ಅಕಿನೂ ಕಿವ್ಯಾಗ, ನೀನೂ ಕಿವ್ಯಾಗ” ಎಂದಳು. “ಮಗಳು ಎತ್ತಾಗ ಅದಾಳ ಅನ್ನೂದ ತಿಳೀವಲ್ದಪ. ಮದಲ ಒದರಿದ್ರ ಗಿಡದ ಕೆಳಗ ಅದಾಳೋ, ಹಿತ್ತಲದಾಗ ಅದಾಳೋ, ಸುಸ್ತಾಗ್ಯಾಳೋ ಎಲ್ಲಾ ತಿಳೀತಿತ್ತು.”

ಮುಂದೆ ಇನ್ನೊಂದು ಸುದ್ದಿ ಬಂತು. ಅಕ್ಕ ಹಗ್ಗ ಹೊಸೆಯುವುದನ್ನು ಬಿಟ್ಟಿದ್ದಾಳೆ ಎಂದು ಕಸ್ತೂರಿ ಹೇಳಿದಳು. ವಸ್ತಿಯ ಬೇರೆ ಹೆಂಗಸರು ಇನ್ನೊಂದು ತುದಿ ಹಿಡಿಯುತ್ತೇವೆ ಎಂದರೂ ಒಪ್ಪಲಿಲ್ಲವಂತೆ. “ಕೊಳೆತ ನಾರು ಕೈಗೆ ತಿಳೀದಂಗ ಆಗೈತಿ. ನನ್ನ ಹಗ್ಗ ನಂಬಿ ಮಂದಿ ಬಾವ್ಯಾಗ ಇಳೀತಾರ, ಯಾರದರ ಜೀಂವಾ ಹೋದ್ರ?” ಎಂದು ಇದ್ದ ನಾರನ್ನೆಲ್ಲ ದನದ ಕೊಟ್ಟಿಗೆಗೆ ಹಾಕಿಸಿದ್ದಳು. ಆ ಫೋನು ಇಟ್ಟ ಮೇಲೆ ನಾನು ಅತ್ತುಬಿಟ್ಟೆ. ಅಂದು ಮೂವತ್ತೇಳನೇ ದಿನ.

ಮೂವತ್ತೆಂಟನೇ ದಿನ ಕೇಂದ್ರಕ್ಕೆ ಹೋದೆ. ಮೇಡಂ ಒಬ್ಬರೇ ಇದ್ದರು, ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿಸಿ ಒಂದು ಹೋಳಿಗೆ ತೆಗೆದು ಕೊಟ್ಟರು.

“ನಮ್ಮನಿಯವರು ಬೆಳಿಗ್ಗೆ ಮಾಡಿದ್ದು, ತಿನ್ರಿ. ನಿಮಗ ಗೊತ್ತಿಲ್ಲ, ಅವರು ಕಲಬುರಗಿ ಕಾಲೇಜಿನ್ಯಾಗ ಇದ್ದಾರ. ಹದಿನಾಲ್ಕು ವರ್ಷ ರವಿವಾರದ ಸಂಸಾರ ನಮ್ಮದು. ರವಿವಾರ ಜಗಳಾ ಮಾಡಿ ಯಾಕ ಹಾಳ ಮಾಡಬೇಕು ಅಂತ ಹದಿನಾಲ್ಕು ವರ್ಷ ಒಂದೂ ಮಾತು ಆಡಿಲ್ಲ. ಈಗ ದಿನಾ ಸಂಜಿಕ ಮನಿಗೆ ಬರ್ತಾರ, ನಿನ್ನೆ ಕೂತು ಪುರಸೊತ್ತಿಲೆ ಜಗಳಾ ಮಾಡಿದ್ವಿ.” ಅವರು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. “ಎಲ್ಲಾ ನೀವು ಕೊಟ್ಟ ಅಂಕಿ ಮ್ಯಾಲ ನಿಂತದ ನೋಡ್ರಿ.”

ನನ್ನ ಕಿಸೆಯಲ್ಲಿ ನಲವತ್ತಾರು ಎಂದು ಬರೆದು ಸಹಿ ಮಾಡಿದ ಚೀಟಿ ಇತ್ತು. ಅದನ್ನು ಕೊಟ್ಟರೆ ಮಾರ್ಗ ಆರು ವಾರ ಮುಚ್ಚಬೇಕು, ಮತ್ತೆ ಹಿಡಿದರೆ ಒಂಬತ್ತು ನಿಮಿಷ ಹದಿನೈದಾಗುತ್ತದೆ. ಅಷ್ಟೇ. ಅದರಿಂದ ಈ ಹೆಂಗಸಿನ ಸಂಸಾರ ಏನೂ ಮುರಿಯುತ್ತಿರಲಿಲ್ಲ, ಇದು ಆಗಲೂ ನನಗೆ ತಿಳಿದಿತ್ತು. ಆದರೂ ಅವರ ಸಂತೋಷವನ್ನೇ ಅಡ್ಡ ಹಿಡಿದು ನಾನು ಬಚ್ಚಿಟ್ಟುಕೊಂಡೆ.

“ಏನೋ ಹೇಳ್ಬೇಕಂತ ಬಂದಿದ್ರಿ?” ಎಂದರು ಅವರು.

“ಏನಿಲ್ರಿ. ನನ್ನ ನಿವೃತ್ತಿ ಸಮಾರಂಭಕ್ಕ ಕರೀಲಿಕ್ಕೆ ಬಂದಿದ್ದೆ.”

ಮೂವತ್ತೊಂಬತ್ತು ಕಳೆಯಿತು, ನಲವತ್ತೂ ಕಳೆಯಿತು. ಶಕುಂತಲಾ ಕ್ಯಾಲೆಂಡರಿನ ಆ ಹಾಳೆ ಹರಿದು ಮಡಚಿ ಎಲ್ಲಿಟ್ಟಳೋ ಕಾಣೆ. ಆ ವಿಷಯ ಅವಳು ಮತ್ತೆ ಎತ್ತಲಿಲ್ಲ, ನನ್ನ ಹೊತ್ತಿನ ಬಗ್ಗೆ ಚಾಷ್ಟಿ ಮಾಡುವುದನ್ನೂ ಬಿಟ್ಟಳು.

ಸಮಾರಂಭದಲ್ಲಿ ಶಾಲು ಹೊದಿಸಿದರು. ನನ್ನ ಶಿಸ್ತಿನ ಬಗ್ಗೆ ನಾಲ್ವರು ಮಾತಾಡಿದರು. ಮನೆಗೆ ಬಂದು ಮೇಡಂಗೆ ಪತ್ರ ಬರೆದೆ, ಯಾವುದನ್ನೂ ಮುಚ್ಚಿಡದೆ ಬರೆದೆ. ಅವರ ಉತ್ತರ ಒಂದೇ ಸಾಲು: ‘ಹೋಳಿಗೆ ತಿಂದ ದಿನವಾದರೂ ಹೇಳಬಹುದಿತ್ತು.’

ಆಮೇಲೆ ಅಕ್ಕನ ಹತ್ತಿರ ಹೋದೆ. ಬೇಲಿಯಿಂದ ಆಚೆ ಈಗ ಹಗ್ಗವಿಲ್ಲ, ಗೂಟಗಳು ಮಾತ್ರ ಸಾಲಾಗಿ ಕಾಣುತ್ತವೆ. ಅಕ್ಕ ಒಳಗೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಕೈಯಲ್ಲಿ ನಾರಿಲ್ಲದೆ ಅಕ್ಕ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎದುರಿಗೆ ಕೂತು ಎಲ್ಲ ಹೇಳಿದೆ. ಐವತ್ತೈದು, ನಲವತ್ತಾರು, ಕೊಸರು, ನಿರಿಗೆ, ನಲವತ್ತು ದಿನ.

“ಅಂದ್ರ ಹಗ್ಗ ಕೊಳೆತಿದ್ದಿಲ್ಲ?”

“ಇಲ್ಲಕ್ಕಾ.”

“ನನ್ನ ಬೆರಳು ಖರೇನ ಹೇಳಿದ್ವು?”

“ಖರೇನ ಹೇಳಿದ್ವು.”

ಅಕ್ಕ ತಡವರಿಸಿ ಫೋನು ತೆಗೆದು ಮಗಳಿಗೆ ಹಚ್ಚಿದಳು. “ಕಸ್ತೂರಿ, ನಮ್ಮ ಹಗ್ಗ ಚಲೋ ಇತ್ತಂತವಾ. ಕೊಳೆತಿದ್ದಿಲ್ಲಂತ. ನಾರು ಚಲೋ ಇತ್ತಂತ” ಎಂದು ಮೂರು ಸಲ ಹೇಳಿದಳು. ಅವಳ ಮುಖದ ಮೇಲೆ ನಗು ಬಂತು. ಯಾರು ಹೇಳಿದರು ಎಂದು ಕಸ್ತೂರಿ ಕೇಳಿರಬೇಕು. “ಮುರಗ್ಯಾ ಬಂದಾನ” ಎಂದಷ್ಟೇ ಹೇಳಿ ಇಟ್ಟಳು.

ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವಳು ಎದ್ದು ಗಡಿಗೆಯಿಂದ ಮಜ್ಜಿಗೆ ಬಗ್ಗಿಸಿ ತಂದು ಕೊಟ್ಟಳು. ಉಪ್ಪು ಸರಿ ಇದೆಯೇ ಎಂದು ಕೇಳಿದಳು. ನನ್ನ ಮೊಮ್ಮಕ್ಕಳ ಯೋಗಕ್ಷೇಮ ಕೇಳಿದಳು. ಬಂದ ಯಾವ ನೆಂಟನಿಗೂ ಹೀಗೆಯೇ ಕೇಳುತ್ತಿದ್ದಳು.

“ಆತು, ಇನ್ನ ಹೊಂಡು” ಎಂದಳು. “ಹೊತ್ತು ಮುಳುಗೂದರಾಗ ದೊಡ್ಡ ರಸ್ತಾ ಹಿಡಿ.”

“ಇನ್ನೂ ಬಿಸಿಲೈತಿ ಅಕ್ಕಾ. ಸ್ವಲ್ಪ ಕುಂದರ್ತೀನಿ.”

ಅಕ್ಕ ಗೋಡೆ ಹಿಡಿದು ಹೊಸ್ತಿಲಿಗೆ ಹೋದಳು. ಅಂಗೈಯನ್ನು ಹೊರಗೆ ಚಾಚಿ, ಬಿಸಿಲು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದಳು.